ಎದುರಿಗಿದ್ದವರು ಹೂಂ ಅನ್ನುವ ತನಕ

ನನ್ನ ತಂಗಿಯ ಮಗಳು ವಿದ್ಯಾಗೆ ಈ ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದೆ. ಹದಿನೈದು ದಿನ ಪಾಠ ಮಾಡಿ, ಒಂದು ಭಾನುವಾರ ನಂಜನಗೂಡಿನ ನಮ್ಮ ಮನೆಗೆ ಬಂದವಳು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಶುರು ಮಾಡಿದಳು.

“ದೊಡ್ಡಮ್ಮ, ಮಕ್ಕಳು ಬಾಯೇ ಬಿಡಲ್ಲ. ಪುಸ್ತಕದಲ್ಲಿ ಪ್ರತಿ ಪಾಠದ ಕೆಳಗೂ ‘ಗುಂಪಿನಲ್ಲಿ ಚರ್ಚಿಸಿ’ ಅಂತ ಕೊಟ್ಟಿದ್ದಾರೆ. ಚರ್ಚಿಸಿ ಅಂದ್ರೆ ಎಲ್ಲಾ ನನ್ನ ಮುಖ ನೋಡ್ತವೆ. ಒಬ್ಬರ ಮುಖ ಒಬ್ಬರು ನೋಡೋದೇ ಇಲ್ಲ. ನೀವು ಹೇಗೆ ಮಾಡ್ತಿದ್ರಿ?”

ನನ್ನ ನಾಲಿಗೆ ಮೊದಲಿನಿಂದಲೂ ಉದ್ದ. ಕೇಳುವವರು ಸಿಕ್ಕಿದರೆ ಬಿಡುವವಳಲ್ಲ. ಮೂವತ್ತು ವರ್ಷಕ್ಕೂ ಮೇಲೆ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಅರ್ಧ ಸರ್ವೀಸು ತಿ. ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿನ ಆಚೆ. ಉಳಿದರ್ಧ ನಂಜನಗೂಡು ತಾಲ್ಲೂಕಿನಲ್ಲಿ, ಬಿಳಿಗೆರೆ ಕಡೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಶಾಲು ಹೊದಿಸಿದರು ಅನ್ನುವುದೆಲ್ಲ ವಿದ್ಯಾಗೂ ಬೇಡ, ನಿಮಗೂ ಬೇಡ. ಮಕ್ಕಳನ್ನು ಎದುರು ಬದುರು ಕೂರಿಸಿ ಮಾತಾಡಿಸುವುದಕ್ಕೆ ಹೋಗಿ ನಾನು ಎಲ್ಲೆಲ್ಲಿ ಮುಗ್ಗರಿಸಿದೆ, ಯಾರ್ಯಾರು ಕೈಹಿಡಿದು ಎಬ್ಬಿಸಿದರು ಅನ್ನುವುದನ್ನು ಅವಳಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಹೊಸದಾಗಿ ಶಾಲೆಗೆ ಕಾಲಿಡುವವರಿಗೆ ಉಪಯೋಗವಾದರೆ ಆಗಲಿ.

ಮೊದಲ ಹತ್ತು ಹನ್ನೆರಡು ವರ್ಷ ನನಗೆ ಚರ್ಚೆ ಅಂದರೆ ಚರ್ಚಾಸ್ಪರ್ಧೆ. ಪರ ಒಬ್ಬಳು, ವಿರೋಧ ಒಬ್ಬಳು. ಎರಡು ಭಾಷಣವನ್ನೂ ನಾನೇ ಬರೆಯುತ್ತಿದ್ದೆ. ಇಬ್ಬರಿಗೂ ಬಾಯಿಪಾಠ ಮಾಡಿಸುತ್ತಿದ್ದೆ. ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ನಡುಗಿಸಬೇಕು ಅನ್ನುವುದನ್ನೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕೊಡುತ್ತಿದ್ದೆ. ಒಂದು ವರ್ಷ ತಾಲ್ಲೂಕು ಮಟ್ಟದ ಸ್ಪರ್ಧೆಗೆ ಮೊಬೈಲಿನ ವಿಷಯ ಕೊಟ್ಟಿದ್ದರು, ಒಳ್ಳೆಯದೋ ಕೆಟ್ಟದ್ದೋ ಅಂತ. ನನ್ನ ಇಬ್ಬರು ಹುಡುಗಿಯರು ಒಂದೇ ಜಗಲಿಯಲ್ಲಿ ಕೂತು ಎರಡು ವಾರ ಉರು ಹೊಡೆದರು. ಇವಳದ್ದು ಅವಳಿಗೆ, ಅವಳದ್ದು ಇವಳಿಗೆ ಬಾಯಿಗೆ ಬಂದುಬಿಟ್ಟಿತ್ತು. ವೇದಿಕೆಯ ಮೇಲೆ ವಿರೋಧದ ಹುಡುಗಿ ಮೊಬೈಲಿನಿಂದ ಮಕ್ಕಳು ಹಾಳಾಗುತ್ತಿದ್ದಾರೆ ಅಂತ ಜೋರಾಗಿ ಹೊರಟವಳು, ನಡುವೆ ಎಲ್ಲೋ ಜಾರಿ, ಮೊಬೈಲು ಇಲ್ಲದ ಮನೆ ದೀಪವಿಲ್ಲದ ಮನೆ ಅಂತ ಪರದ ಭಾಷಣದಲ್ಲಿ ಮುಗಿಸಿ, ಕೈ ಮುಗಿದು ಇಳಿದು ಬಂದಳು. ನಾನು ಸೀರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದೆ.

ಅವಳಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರರು ಮೂವರು, ಒಬ್ಬರಿಗೂ ಗೊತ್ತಾಗಲಿಲ್ಲ. ಎದುರು ಪಕ್ಷದ ಹುಡುಗಿಗೂ ಗೊತ್ತಾಗಲಿಲ್ಲ, ಅವಳು ತನ್ನ ಭಾಷಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಊರಿನವರೆಲ್ಲ ನನ್ನನ್ನು ಹೊಗಳಿದರು. ನನಗೆ ಮಾತ್ರ ಬಸ್ಸಿನಲ್ಲಿ ಬರುವಾಗ ನಾಚಿಕೆಯಾಯಿತು. ಮಕ್ಕಳಿಗೆ ಮಾತಾಡುವುದನ್ನು ಕಲಿಸಿದ್ದೆ, ಕೇಳಿಸಿಕೊಳ್ಳುವುದನ್ನು ಕಲಿಸಿರಲಿಲ್ಲ. ಆವತ್ತಿನಿಂದ ಭಾಷಣ ಬರೆದುಕೊಡುವುದನ್ನು ಬಿಟ್ಟೆ.

ಮುಂದಿನ ವರ್ಷ ಡೆಸ್ಕುಗಳನ್ನೇ ತಿರುಗಿಸಿದೆ. ಒಂಬತ್ತನೇ ತರಗತಿಯನ್ನು ಎರಡು ಸಾಲು ಮಾಡಿ, ಮುಖಕ್ಕೆ ಮುಖ ಕೊಟ್ಟು ಕೂರಿಸಿ, ಹಾಜರಿ ಪುಸ್ತಕದ ಪ್ರಕಾರ ಜೋಡಿ ಮಾಡಿದೆ. “ಒಬ್ಬರ ಕಣ್ಣು ಒಬ್ಬರು ನೋಡಿಕೊಂಡು ಮಾತಾಡಿ” ಅಂದೆ. ಅಂದದ್ದೇ ತಡ, ಇಡೀ ತರಗತಿ ಕಿಸಕ್ಕನೆ ನಕ್ಕಿತು. ಮಂಜುಳಾ ಅನ್ನುವ ಹುಡುಗಿ ಕೆಂಪಗಾಗಿ ಡೆಸ್ಕಿನ ಮೇಲೆ ಮುಖ ಇಟ್ಟುಬಿಟ್ಟಳು. ಎದುರಿಗೆ ಕೂತಿದ್ದ ಹುಡುಗ ಮಹೇಶ ಕಿಟಕಿಯ ಆಚೆ ನೋಡುತ್ತಿದ್ದ. ನಾನು ಗದರಿದೆ. ಮಾರನೆಯ ದಿನ ಮಂಜುಳಾ ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಅವಳ ಅಜ್ಜಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು.

“ಅಲ್ಲ ಕಣವ್ವಾ, ನೀನು ಓದ್ದೋಳು. ಆ ಐದ ಮಹೇಶ ಇವ್ಳಿಗೆ ಸೋದರತ್ತೆ ಮಗ. ನಾಳೆ ದಿನ ಕೊಟ್ಟು ತರೋ ವರಸೆ. ಕಣ್ಣಲ್ ಕಣ್ಣಿಟ್ಟು ಕೂತ್ಕೊಂಡಿದ್ರು ಅಂತ ಕೇರಿಯೋರೆಲ್ಲ ಆಡ್ಕೋತಾವ್ರೆ. ಉಡ್ಗಿ ಎಂಗ್ ಬಂದಾಳು?”

ನಾನು ನಂಜನಗೂಡು ಪಟ್ಟಣದಲ್ಲಿ ಬೆಳೆದವಳು. ಹಳ್ಳಿಯೆಲ್ಲ ಗೊತ್ತು ಅಂದುಕೊಂಡಿದ್ದೆ. ಅಕ್ಕಪಕ್ಕದ ಊರುಗಳ ನಲವತ್ತು ಮಕ್ಕಳು ಒಂದು ಕೋಣೆಯಲ್ಲಿ ಕೂತರೆ ಅದು ತರಗತಿಯಲ್ಲ, ನೆಂಟರ ಮನೆ ಅನ್ನುವುದು ಹೊಳೆದೇ ಇರಲಿಲ್ಲ. ಅಜ್ಜಿಯ ಕೈ ಹಿಡಿದುಕೊಂಡು ತಪ್ಪಾಯಿತು ಅಂದೆ. ಅವರೇ ಕೂತು, ಎಲೆಅಡಿಕೆ ಹಾಕಿಕೊಂಡು, ತರಗತಿಯಲ್ಲಿ ಯಾರಿಗೆ ಯಾರು ಏನಾಗಬೇಕು ಅಂತ ಹೇಳುತ್ತಾ ಹೋದರು. ನಾನು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡೆ. ಮಂಜುಳಾ ಸೋಮವಾರ ಬಂದಳು. ಅವಳನ್ನು ಬೇರೆ ಊರಿನ ಹುಡುಗಿಯ ಎದುರಿಗೆ ಕೂರಿಸಿದೆ. ಆಮೇಲೆ ಯಾವ ಶಾಲೆಗೆ ಹೋದರೂ ನನ್ನ ಮೊದಲ ಕೆಲಸ ಈ ವರಸೆ ಪಟ್ಟಿ ಮಾಡುವುದು.

ಆ ಪಟ್ಟಿಯಲ್ಲೂ ಎಡವಿದ್ದೇನೆ. ತರಗತಿಯಲ್ಲಿ ಎಲ್ಲರಿಗಿಂತ ಎತ್ತರದ ಹುಡುಗ ಸಿದ್ದರಾಜು. ಅವನ ಎದುರಿಗೆ ಮೊಳಕೈಯಷ್ಟು ಎತ್ತರದ ನಂಜುಂಡನನ್ನು ಕೂರಿಸಿದ್ದೆ. ನಂಜುಂಡ ಏನು ಹೇಳಿದರೂ ಸಿದ್ದರಾಜು ಸರಿ ಸರಿ ಅಂತ ತಲೆಯಾಡಿಸುತ್ತಿದ್ದ. ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಅಂದಿದ್ದರೂ ಒಪ್ಪುತ್ತಿದ್ದನೇನೋ. ಯಾಕೋ ಅಂತ ಕೇಳಿದೆ.

“ಅವ್ನು ನಂಗೆ ಚಿಕ್ಕಪ್ಪ ಆಗ್ಬೇಕು ಮಿಸ್. ಎಂಗೆ ಸುಳ್ಳು ಅನ್ನನ?”

ನಂಜುಂಡ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಈಗ ತೂಬಿನ ಕಥೆಗೆ ಬರುತ್ತೇನೆ. ಬನ್ನೂರಿನಿಂದ ನಮ್ಮ ಶಾಲೆಗೆ ಹೋಗುವ ದಾರಿ ನಾಲೆಯ ಏರಿಯ ಮೇಲೆ. ಎರಡೂ ಕಡೆ ಗದ್ದೆ. ಭತ್ತದ ನಾಟಿ ಕಾಲದಲ್ಲಿ ನೀರಿಗೆ ಜಗಳವಿಲ್ಲದ ದಿನವಿಲ್ಲ. ಒಂದು ಬೆಳಿಗ್ಗೆ ಬಸ್ಸು ಕೆಟ್ಟು ನಿಂತಿತು. ಇಳಿದು ನಡೆಯುತ್ತಾ ಹೋದೆ. ನಾಲೆಯಿಂದ ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಇಬ್ಬರು ರೈತರು ಗುದ್ದಲಿ ಹಿಡಿದುಕೊಂಡು, ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಾಡುತ್ತಿದ್ದರು. ನಡುವೆ ನೀರುಗಂಟಿ ಕೆಂಪಯ್ಯ, ಅಂದರೆ ಗದ್ದೆ ಗದ್ದೆಗೆ ಸರದಿಯ ಮೇಲೆ ನೀರು ಬಿಡುವ ಮುದುಕ, ಬೀಡಿ ಹಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಬೀಡಿ ಅರ್ಧ ಆಗುವ ತನಕ ಸುಮ್ಮನಿದ್ದು, ಆಮೇಲೆ ತಲೆ ಎತ್ತಿದ.

“ಲೇ ಮರಿಸ್ವಾಮಿ, ನಿಂದು ಆಮ್ಯಾಕ್ ಯೋಳೀಯಂತೆ. ಅವ್ನ್ ಏನಂತಾವ್ನೆ, ಅದ್ ಯೋಳ್ಲಾ ಮೊದ್ಲು.”

“ಅವ್ನೇನಂತಾನೆ, ಬಾಯ್ಗೆ ಬಂದಂಗೆ...”

“ಬಾಯ್ಗೆ ಬಂದದ್ದಲ್ಲ ಕಣ್ಲಾ. ಅವ್ನ್ ಅಂದದ್ದು.”

ಮರಿಸ್ವಾಮಿ ಗೊಣಗಿಕೊಂಡು ಹೇಳಿದ: ಅವನ ಗದ್ದೆಯ ಮಡಿ ತಗ್ಗಿನಲ್ಲಿಲ್ಲ, ದಿಬ್ಬದಲ್ಲಿದೆ, ಮರಿಸ್ವಾಮಿ ಮೊದಲು ನೀರು ಕಟ್ಟಿಕೊಂಡರೆ ಅವನಿಗೆ ಹತ್ತುವುದಿಲ್ಲ, ಸಸಿ ಒಣಗುತ್ತದೆ ಅನ್ನುತ್ತಾನೆ ಅಂತ. ಕೆಂಪಯ್ಯ ಇನ್ನೊಬ್ಬನ ಕಡೆ ತಿರುಗಿ, “ಅದೇಯೇನ್ಲಾ ನೀನ್ ಅಂದದ್ದು? ಅದೇ ಆದ್ರೆ ಊಂ ಅನ್ನು” ಅಂದ. ಅವನು ಗುದ್ದಲಿಯನ್ನು ನೋಡುತ್ತಲೇ “ಊಂ” ಅಂದ. ಆಮೇಲೆ ಅವನ ಸರದಿ. ಅವನೂ ಮರಿಸ್ವಾಮಿಯ ಮಾತನ್ನು ಹೇಳಬೇಕು, ಮರಿಸ್ವಾಮಿ ಊಂ ಅನ್ನಬೇಕು. ಎರಡು ಸಲ ಅವನು ತಪ್ಪಾಗಿ ಹೇಳಿದ. ಮರಿಸ್ವಾಮಿ ಊಂ ಅನ್ನಲಿಲ್ಲ. ಮೂರನೆಯ ಸಲ ಅಂದ. ಎರಡು ಊಂ ಆಗುವ ಹೊತ್ತಿಗೆ ಇಬ್ಬರ ಗುದ್ದಲಿಗಳೂ ನೆಲಕ್ಕೆ ಇಳಿದಿದ್ದವು. ಆಮೇಲೆ ಕೆಂಪಯ್ಯ ಎದ್ದು ತೂಬಿನ ಹಲಗೆಯನ್ನು ಇಷ್ಟು ಎತ್ತಿ, ಇಬ್ಬರಿಗೂ ಹೊತ್ತು ಹಂಚಿ ಹೊರಟುಹೋದ.

ನಾನು ಅವತ್ತು ಮೊದಲನೆಯ ಪೀರಿಯಡ್ ತಪ್ಪಿಸಿಕೊಂಡೆ. ಆದರೆ ಬಿ.ಎಡ್.ನಲ್ಲಿ ಒಂದು ವರ್ಷ ಕಲಿಯದ್ದನ್ನು ಒಂದು ಬೀಡಿಯ ಹೊತ್ತಿನಲ್ಲಿ ಕಲಿತಿದ್ದೆ. ಬೀಡಿ ಒಂದನ್ನು ಬಿಟ್ಟು ಕೆಂಪಯ್ಯನ ಪದ್ಧತಿಯನ್ನು ಹಾಗೆಯೇ ತರಗತಿಗೆ ತಂದೆ. ನಿನ್ನ ಮಾತು ಆಮೇಲೆ. ಎದುರಿಗಿರುವವರು ಏನು ಹೇಳಿದರು ಅನ್ನುವುದನ್ನು ಮೊದಲು ಹೇಳು. ಅವರು ಹೂಂ ಅನ್ನುವ ತನಕ ನಿನ್ನ ಸರದಿ ಬರುವುದಿಲ್ಲ. ಮಕ್ಕಳು ಇದಕ್ಕೆ ತೂಬಿನ ಪಾಠ ಅಂತಲೇ ಹೆಸರಿಟ್ಟರು. ಶನಿವಾರದ ಕೊನೆಯ ಪೀರಿಯಡ್ ಅದಕ್ಕೇ ಮೀಸಲು.

ಸುಲಭವಾಗಿ ಆಯಿತು ಅಂದುಕೊಳ್ಳಬೇಡಿ. ಹೂಂ ಅನ್ನುವ ಅಧಿಕಾರ ಕೈಗೆ ಸಿಕ್ಕ ಕೂಡಲೇ ಕೆಲವರು ಅದನ್ನು ತಡೆದಿಟ್ಟುಕೊಂಡು ಆಟವಾಡಿಸಿದರು. ಚಿಕ್ಕಪ್ಪ ನಂಜುಂಡನಂತೂ ಒಂದು ಪೀರಿಯಡ್ ಪೂರ್ತಿ ಹೂಂ ಅನ್ನದೆ ಕೂತ. ಕೊನೆಗೆ ಸಿದ್ದರಾಜುವಿಗೇ ತಡೆಯಲಾಗದೆ “ಚಿಕ್ಕಪ್ಪಾ, ಊಂ ಅಂತೀಯೋ ಇಲ್ವೋ?” ಅಂತ ಎದ್ದು ನಿಂತ. ಅದು ಅವನು ಚಿಕ್ಕಪ್ಪನ ಮುಂದೆ ಎತ್ತಿದ ಮೊದಲ ದನಿ. ನಾನು ಒಳಗೊಳಗೇ ಖುಷಿಪಟ್ಟೆ.

ಬಿಳಿಗೆರೆ ಕಡೆಗೆ ವರ್ಗವಾದ ಮೇಲೆ ಒಮ್ಮೆ ವಿಷಯ ಪರಿವೀಕ್ಷಕರು ತಪಾಸಣೆಗೆ ಬಂದರು. ಬಂದದ್ದು ಸರಿಯಾಗಿ ಶನಿವಾರ. ಅರ್ಧ ಮಕ್ಕಳದು ಬೋರ್ಡಿಗೆ ಬೆನ್ನು, ಬೋರ್ಡು ಖಾಲಿ. “ಏನ್ ಮೇಡಂ ಇದು, ಸಂತೆ ಸೇರಿಸಿದೀರಾ?” ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹತ್ತಿರದ ಹುಡುಗನನ್ನು ಎಬ್ಬಿಸಿ ಕೇಳಿದರು.

“ಯಾವ ಪಾಠ ನಡೀತಿದೆಯೋ?”

ಹುಡುಗ ಕೈಕಟ್ಟಿ ನಿಂತು ಹೇಳಿದ. “ಸಾ, ಯಾವ ಪಾಠ ನಡೀತಾ ಅದೆ ಅಂತ ಕೇಳಿದ್ರಿ. ಅಲ್ವಾ ಸಾ?”

ಹೇಳಿ ಸುಮ್ಮನಾದ. ಸಾಹೇಬರು ಉತ್ತರಕ್ಕೆ ಕಾಯುತ್ತಿದ್ದರು. ಹುಡುಗ ಹೂಂಗೆ ಕಾಯುತ್ತಿದ್ದ. ಒಬ್ಬರನ್ನೊಬ್ಬರು ನೋಡಿಕೊಂಡು ನಿಂತೇ ಇದ್ದರು. ಹಿಂದಿನಿಂದ ಯಾವುದೋ ಹುಡುಗಿ ಸಣ್ಣ ದನಿಯಲ್ಲಿ, “ಊಂ ಅನ್ನಿ ಸಾ, ಇಲ್ದಿದ್ರೆ ಅವ್ನು ಯೋಳಂಗಿಲ್ಲ” ಅಂದಳು. ನನಗೆ ಕೆಲಸವೇ ಹೋಯಿತು ಅನ್ನಿಸಿತು. ಸಾಹೇಬರು “ಹೂಂನಪ್ಪ” ಅಂದರು. ಭೇಟಿ ಪುಸ್ತಕದಲ್ಲಿ ‘ತರಗತಿಯಲ್ಲಿ ಗದ್ದಲ ಹೆಚ್ಚು, ವಿದ್ಯಾರ್ಥಿಗಳು ಸಭ್ಯರು’ ಅಂತ ಬರೆದು ಹೋದರು. ಎರಡೂ ನಿಜವೇ.

ಆಮೇಲೆ ಕೊರೊನಾ ಬಂತು. ಪಾಠ ಫೋನಿಗೆ ಹೋಯಿತು. ಚೌಕಟ್ಟಿನಲ್ಲಿ ಮುಖವೂ ಕಾಣದು, ದನಿಯೂ ಕೇಳದು. ನೆಟ್‌ವರ್ಕ್ ಸಿಗಲೆಂದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತ ಮಕ್ಕಳ ಹಿಂದೆ ಕೋಳಿ ಕೂಗುವುದು ಮಾತ್ರ ಸ್ಪಷ್ಟ. ಶಾಲೆ ಮತ್ತೆ ತೆರೆದಾಗ ಬಂದ ಮಕ್ಕಳು ಬೇರೆಯೇ ಆಗಿದ್ದರು. ಪಕ್ಕದಲ್ಲೇ ಕೂತಿದ್ದರೂ ನೆಲ ನೋಡುತ್ತಿದ್ದರು. ಮಾತಾಡಿಸಿದರೆ ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ತೂಬಿನ ಪಾಠವನ್ನು ಅ ಆ ಇಂದ ಮತ್ತೆ ಶುರು ಮಾಡಬೇಕಾಯಿತು.

ಆ ಮಕ್ಕಳಲ್ಲಿ ಒಬ್ಬಳು ಪವಿತ್ರ. ಒಂಬತ್ತನೇ ತರಗತಿಯಲ್ಲಿ ಅವಳ ದನಿ ಕೇಳಿದ ನೆನಪು ನನಗಿಲ್ಲ. ಎದುರಿಗಿದ್ದವರ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು, ತನ್ನ ಸರದಿ ಬಂದಾಗ “ಅಷ್ಟೇ ಮಿಸ್” ಅಂತ ಕೂತುಬಿಡುತ್ತಿದ್ದಳು. ಹತ್ತನೇ ತರಗತಿಗೆ ಬಂದ ಮೇಲೆ ಅವಳಿಗೆ ದೊಡ್ಡ ಫಜೀತಿ ಎದುರಾಯಿತು. ಅವಳ ಊರು ಶಾಲೆಯಿಂದ ಆರು ಕಿಲೋಮೀಟರ್ ಒಳಗೆ. ಸರ್ಕಾರ ಸೈಕಲ್ ಕೊಡುವುದನ್ನು ನಿಲ್ಲಿಸಿತ್ತು. ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಆ ಬಸ್ಸು ಶಾಲೆಯ ಮುಂದೆ ನಿಲ್ಲುತ್ತಿದ್ದದ್ದು, ಗೇಟಿಗೆ ಬೀಗ ಬಿದ್ದು ಹತ್ತು ನಿಮಿಷವಾದ ಮೇಲೆ.

ಬೀಗ ಹಾಕುತ್ತಿದ್ದವರು ನಮ್ಮ ಹೆಡ್ ಮಾಸ್ಟರು ಗುರುಮಲ್ಲಪ್ಪನವರು. ಪ್ರಾರ್ಥನೆ ಮುಗಿದ ಕೂಡಲೇ ಸ್ವತಃ ಹೋಗಿ ಬೀಗ ಹಾಕಿ, ಬೀಗದ ಕೈ ಜೇಬಿಗೆ ಇಳಿಸುತ್ತಿದ್ದರು. ತಡವಾಗಿ ಬಂದವರು ಮೊದಲ ಬಿಡುವಿನ ತನಕ ಗೇಟಿನ ಆಚೆ ಹೊಂಗೆ ಮರದ ಕೆಳಗೆ ನಿಲ್ಲಬೇಕು. ಅವರಿಗೆ ಬೆಳಗಿನ ಹಾಜರಿ ಇಲ್ಲ. ಹಾಜರಿ ಕಡಿಮೆಯಾದರೆ ಹತ್ತನೇ ತರಗತಿಯ ಪರೀಕ್ಷೆಗೆ ಹಾಲ್ ಟಿಕೆಟ್ ಬರುವುದಿಲ್ಲ. ನವೆಂಬರ್ ಹೊತ್ತಿಗೆ ಪವಿತ್ರಳ ಹಾಜರಿ ಅಂಚಿಗೆ ಬಂದು ನಿಂತಿತ್ತು. ಇನ್ನು ಕೆಲವು ದಿನ ಹೀಗೇ ಆದರೆ ಆ ವರ್ಷ ಅವಳು ಪರೀಕ್ಷೆ ಬರೆಯುವಂತಿರಲಿಲ್ಲ.

ಗುರುಮಲ್ಲಪ್ಪನವರ ಬಗ್ಗೆ ನಮಗ್ಯಾರಿಗೂ ಪ್ರೀತಿ ಇರಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ನಗುತ್ತಿರಲಿಲ್ಲ. ತಮ್ಮ ಮೇಜನ್ನು ಕಿಟಕಿಗೆ ಮುಖ ಮಾಡಿ ಇಟ್ಟುಕೊಂಡಿದ್ದರು. ಯಾವ ಮೇಷ್ಟ್ರು ಎಷ್ಟು ಹೊತ್ತಿಗೆ ಬಂದರು ಅಂತ ನೋಡುವುದಕ್ಕೆ ಅಂತ ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ನಾನೇ ಮುಂದಾಳು.

ಈಗ ನನ್ನ ಸರ್ವೀಸಿನ ದೊಡ್ಡ ತಪ್ಪನ್ನು ಹೇಳುತ್ತೇನೆ. ಶಿಕ್ಷಕರ ಸಭೆಯಲ್ಲಿ, ಎಲ್ಲರ ಮುಂದೆ, ನಾನು ಎದ್ದು ನಿಂತೆ. ಬಸ್ಸು ತಡವಾದರೆ ಹುಡುಗಿ ಏನು ಮಾಡಬೇಕು, ಇದು ಶಾಲೆಯೋ ಜೈಲೋ, ಮಕ್ಕಳ ಭವಿಷ್ಯ ಏನಾಗಬೇಕು ಅಂತ ಹತ್ತು ನಿಮಿಷ ಝಾಡಿಸಿದೆ. ಚರ್ಚಾಸ್ಪರ್ಧೆಗೆ ಬರೆದುಕೊಡುತ್ತಿದ್ದೆನಲ್ಲ, ಅಂಥದ್ದೇ ಭಾಷಣ. ಕೈಯನ್ನೂ ಎತ್ತಿದೆ, ದನಿಯನ್ನೂ ನಡುಗಿಸಿದೆ. ಗುರುಮಲ್ಲಪ್ಪನವರು ಪೂರ್ತಿ ಕೇಳಿ, “ಆಯ್ತಾ ಮೇಡಂ?” ಅಂದರು. “ರೂಲ್ಸು ಎಲ್ರಿಗೂ ಒಂದೇ. ಹಾಜರಿ ಕಡಿಮೆ ಇರೋರ ಪಟ್ಟಿ ಈ ತಿಂಗಳ ಕೊನೆಗೇ ಆಫೀಸಿಗೆ ಕಳಿಸ್ತೀನಿ.”

ಪಟ್ಟಿ ಕಳಿಸುವುದಕ್ಕೆ ಫೆಬ್ರವರಿಯ ತನಕ ಸಮಯವಿತ್ತು. ಸುಮ್ಮನೆ ಇದ್ದಿದ್ದರೆ ಅವರೂ ಸುಮ್ಮನಿರುತ್ತಿದ್ದರೋ ಏನೋ. ಎಲ್ಲರ ಮುಂದೆ ಕೆಣಕಿ, ಅವರು ಹಿಂದೆ ಸರಿಯುವ ದಾರಿಯನ್ನು ನಾನೇ ಮುಚ್ಚಿದ್ದೆ. ಮನೆಗೆ ಬಂದು ಊಟ ಸೇರಲಿಲ್ಲ. ನನ್ನ ಬಾಯಿಗೆ ಒಂದು ಬೀಗ ಇದ್ದಿದ್ದರೆ ಆ ಹುಡುಗಿಗೆ ಎಷ್ಟೋ ಉಪಕಾರವಾಗುತ್ತಿತ್ತು ಅನ್ನಿಸಿತು.

ಆ ಶನಿವಾರ ಮಕ್ಕಳೇ ವಿಷಯ ಆರಿಸಿದರು: ಗೇಟಿಗೆ ಬೀಗ ಬೇಕೋ ಬೇಡವೋ. ಬೇಡ ಅನ್ನುವುದಕ್ಕೆ ಮೂವತ್ತು ಕೈ ಎದ್ದವು. ಹೆಡ್ ಮಾಸ್ಟರ ಕಡೆಯ ಮಾತನ್ನು ಹೇಳುವುದಕ್ಕೆ ಒಂದೂ ಇಲ್ಲ. ಪದ್ಧತಿಯ ಪ್ರಕಾರ ಅದು ಹೇಳದೆ ಮುಂದೆ ಹೋಗುವಂತಿಲ್ಲ.

“ನಮ್ಮನ್ನ ಗೋಳು ಉಯ್ಕೊಳ್ಳಾಕೆ ಮಿಸ್, ಇನ್ನೇನು” ಅಂದ ಒಬ್ಬ.

“ಅದಕ್ಕೆ ಅವರು ಹೂಂ ಅಂತಾರಾ?” ಅಂದೆ.

ಆಗ ಪವಿತ್ರ ಎದ್ದಳು. “ಅವ್ರು ಯಾಕ್ ಬೀಗ ಆಕ್ತಾರೆ ಅಂತ ನಂಗೊತ್ತಿಲ್ಲ ಮಿಸ್” ಅಂದಳು. ಅಷ್ಟೇ ಅಂದು ಕೂತಳು. ಗಂಟೆ ಹೊಡೆಯಿತು. ನನಗೂ ಗೊತ್ತಿರಲಿಲ್ಲ ಅನ್ನುವುದು ಆಗಲೂ ನನಗೆ ತಟ್ಟಲಿಲ್ಲ ನೋಡಿ.

ಮುಂದಿನ ವಾರ ಬುಧವಾರವೋ ಗುರುವಾರವೋ, ಅಟೆಂಡರ್ ಬಂದು ಹೆಡ್ ಮಾಸ್ಟರು ಕರೆಯುತ್ತಿದ್ದಾರೆ ಅಂದ. ಹೋದರೆ ಅವರ ಮೇಜಿನ ಮುಂದೆ ಪವಿತ್ರ ನಿಂತಿದ್ದಾಳೆ.

“ಏನೋ ಮಾತಾಡ್ಬೇಕಂತೆ ಮೇಡಂ, ನಿಮ್ಮ ಹುಡುಗಿ. ನೀವೂ ಇರಿ” ಅಂದರು. ನಾನು ಹೇಳಿಕೊಟ್ಟು ಕಳಿಸಿದ್ದೇನೆ ಅಂತ ಅವರ ಅನುಮಾನ. ನಾನು ಗೋಡೆಗೆ ಒರಗಿ ನಿಂತೆ. ಬಾಯಿ ಬಿಡಬಾರದು ಅಂತ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಪವಿತ್ರ ನೆಲ ನೋಡುತ್ತಿದ್ದವಳು ಮುಖ ಎತ್ತಿದಳು.

“ಸಾ, ಮೊದ್ಲು ನಿಮ್ ಮಾತು ಯೋಳ್ತೀನಿ. ತಪ್ಪಿದ್ರೆ ತಿದ್ದಿ. ಮುಂಚೆ ನೀವಿದ್ದ ಇಸ್ಕೂಲಲ್ಲಿ ಗೇಟೇ ಮುಚ್ತಿರ್ನಿಲ್ಲ. ಯಾರು ಯಾವಾಗ ಬೇಕಾದ್ರೂ ಬರ್ಬೋದಿತ್ತು. ಒಂದಿನ ಒಬ್ಬ ಉಡ್ಗ ಮನೆಯಿಂದ ಒಂಟೋನು ಇಸ್ಕೂಲ್ಗೆ ಬರ್ನಿಲ್ಲ. ತಡವಾಗಿ ಬತ್ತಾನೆ ಅಂತ ನೀವ್ ಅನ್ಕೊಂಡ್ರಿ. ಇಸ್ಕೂಲಲ್ಲವ್ನೆ ಅಂತ ಅವ್ರವ್ವ ಅನ್ಕೊಂಡ್ಳು. ಅವ್ನು ಒಳೆ ನೀರಲ್ಲಿದ್ದ. ಬಟ್ಟೆ ಒಗೀತಿದ್ದೋರು ನೋಡಿ ಎಳೆದಾಕಿದ್ರು, ಬದುಕ್ದ. ಅವ್ರವ್ವ ಓಡ್ಬಂದು ನಿಮ್ ಅಂಗಿ ಇಡ್ಕೊಂಡು, ಬೆಳಿಗ್ಗೆಯಿಂದ ನನ್ ಮಗ ಎಲ್ಲಿದ್ದ ಯೋಳಿ ಅಂದ್ಳು. ನಿಮ್ಗೆ ಗೊತ್ತಿರ್ನಿಲ್ಲ.”

ಗುರುಮಲ್ಲಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅದ್ಕೇ ಬೀಗ. ಬೀಗ ಆಕಿದ್ ಮೇಲೆ ಒಳಗಿರೋರ್ ಯಾರು, ಬರ್ದೇ ಇರೋರ್ ಯಾರು ಅಂತ ಗೊತ್ತಾಯ್ತದೆ. ಬರ್ದೇ ಇರೋರ್ ಮನೆಗೆ ಮೆಸೇಜ್ ಓಯ್ತದೆ. ಆಮೇಲ್ ಬಂದೋರ್ ಎಸ್ರು ತಿದ್ದಿದ್ರೆ ಆ ಪಟ್ಟಿ ಕೆಟ್ಟೋಯ್ತದೆ. ಆಚೆ ನಿಂತಿರೋರು ಎಲ್ಲಿಗೂ ಓಗ್ಬಾರ್ದು ಅಂತ ಮೇಜನ್ನ ಕಿಟಕಿ ತಾವ್ ಆಕ್ಕೊಂಡಿದೀರಿ. ನಮ್ ಮ್ಯಾಲಿನ್ ಸಿಟ್ಗಲ್ಲ. ಸರಿನಾ ಸಾ?”

ನಾನು ಕಿಟಕಿಯನ್ನು ನೋಡಿದೆ. ಅಲ್ಲಿಂದ ಮೇಷ್ಟ್ರುಗಳು ಬರುವ ದಾರಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಹೊಂಗೆ ಮರ ಮಾತ್ರ.

“ಹೂಂ” ಅಂದರು ಗುರುಮಲ್ಲಪ್ಪನವರು.

“ಈಗ ನನ್ ಮಾತು ಸಾ. ಅವ್ವ ಏಳು ಗಂಟೆಗೆ ಕಂಪನಿ ವ್ಯಾನ್‌ಗೆ ಓಯ್ತಳೆ. ಒಬ್ಳೇ ನಡ್ಕೊಂಡ್ ಓಗ್ಬ್ಯಾಡ, ಬಸ್ಸಲ್ಲೇ ಓಗು ಅಂತ ಆಣೆ ಆಕ್ಸವ್ಳೆ. ಬಸ್ ತಡ ಆದ್ರೆ ನಾನೂ ತಡ. ಕಂಪನೀಲಿ ಫೋನು ಒಳಕ್ಕೆ ಬಿಡಲ್ಲ. ಮಧ್ಯಾನ್ನ ಊಟಕ್ಕೆ ಬಂದು ಫೋನ್ ತಗುದ್ರೆ ‘ನಿಮ್ಮ ಮಗಳು ಈ ದಿನ ಶಾಲೆಗೆ ಬಂದಿಲ್ಲ’ ಅಂತ ಇರ್ತದೆ. ಬಸ್ ತಡಾನೇ ಅಂತ ಗೊತ್ತು, ಆದ್ರೂ ದಿನಾ ಎದೆ ಜಲ್ ಅಂತದೆ ಅಂತಳೆ. ಆವತ್ತು ಆ ಅವ್ವಂಗಾದಂಗೆ ನಮ್ಮವ್ವಂಗೆ ದಿನಾ ಆಯ್ತದೆ ಸಾ. ನಾನು ಇಲ್ಲೇ ಮರದ್ ಕೆಳಗೆ ನಿಂತಿರ್ತೀನಿ. ಇಂಗೇ ಆದ್ರೆ ಆಲ್ ಟಿಕೆಟ್ಟೂ ಬರಲ್ಲ.”

ಉಸಿರು ತೆಗೆದುಕೊಂಡು, ಇನ್ನೊಂದು ಮಾತು ಸೇರಿಸಿದಳು. “ಈಗ ನೀವು ನನ್ ಮಾತ್ ಯೋಳ್ಬೇಕು ಸಾ. ನಾನ್ ಊಂ ಅಂತೀನಿ.”

ಹೆಡ್ ಮಾಸ್ಟರನ್ನು ಪಾಠ ಒಪ್ಪಿಸು ಅನ್ನುವುದೇ! ಅವರು ನನ್ನ ಕಡೆ ನೋಡಿದರು. ಆಮೇಲೆ ಅವಳ ಕಡೆ ತಿರುಗಿ, ನಿಧಾನವಾಗಿ ಹೇಳಿದರು. “ನಿಮ್ಮ ತಾಯಿ ಏಳು ಗಂಟೆಗೆ ಹೋಗ್ತಾರೆ. ನೀನು ಬಸ್ಸಲ್ಲೇ ಬರಬೇಕು. ಬಸ್ಸು ತಡ. ನೀನು ಇಲ್ಲೇ ನನ್ನ ಕಣ್ಣ ಮುಂದೆ ಇರ್ತೀಯ. ನಾನು ನಿಮ್ಮ ತಾಯಿಗೆ...” ಅಲ್ಲಿಗೆ ನಿಂತರು. ಮೇಜಿನ ಮೇಲಿದ್ದ ಕನ್ನಡಕ ಎತ್ತಿ ಹಾಕಿಕೊಂಡು, “ನಾನು ನಿಮ್ಮ ತಾಯಿಗೆ, ನಿಮ್ಮ ಮಗಳು ಬಂದಿಲ್ಲ ಅಂತ ಹೇಳ್ತೀನಿ” ಅಂತ ಮುಗಿಸಿದರು.

“ಊಂ ಸಾ” ಅಂದಳು ಪವಿತ್ರ.

“ಹೋಗು, ಕ್ಲಾಸಿಗೆ ಹೋಗು” ಅಂದರು. ನನಗೂ ಹೋಗಿ ಅಂತ ಕೈ ತೋರಿಸಿದರು.

ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿಯಿತು. ಗುರುಮಲ್ಲಪ್ಪನವರು ಎಂದಿನಂತೆ ಹೋಗಿ ಗೇಟಿಗೆ ಬೀಗ ಹಾಕಿದರು. ಆದರೆ ಈ ಸಲ ತಾವು ಗೇಟಿನ ಆಚೆ ನಿಂತು ಹಾಕಿದರು. ಕಂಕುಳಲ್ಲಿ ಹಾಜರಿ ಪುಸ್ತಕ, ಕೈಯಲ್ಲಿ ಕಪ್ಪು ಕೊಡೆ. ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಂತರು. ನಾವೆಲ್ಲ ಪಾಠ ಬಿಟ್ಟು ಕಿಟಕಿಗೆ ಮುತ್ತಿಕೊಂಡೆವು. ಬಸ್ಸು ಬಂತು. ಬಾಗಿಲಲ್ಲೇ ಹೆಸರು ಕೂಗಿ, ಇಳಿದ ಐದು ಮಕ್ಕಳಿಗೂ ಅಲ್ಲೇ ಟಿಕ್ ಹಾಕಿ, ಕೋಳಿಮರಿಗಳನ್ನು ಸಾಗಿಸುವ ಹಾಗೆ ಮುಂದೆ ಬಿಟ್ಟುಕೊಂಡು ಬಂದು, ಬೀಗ ತೆಗೆದು ಒಳಗೆ ಸೇರಿಸಿಕೊಂಡರು. ಗೈರುಹಾಜರಿಯ ಮೆಸ್ಸೇಜು ಅದಾದ ಮೇಲೆ ಹೋಗಬೇಕು ಅಂತ ಗುಮಾಸ್ತರಿಗೆ ಹೇಳಿದರು. ಹಾಜರಿ ಕಡಿಮೆ ಇರುವವರ ಪಟ್ಟಿ ಫೆಬ್ರವರಿಗೇ ಹೋಗಲಿ ಅಂದರು. ಪವಿತ್ರಳನ್ನು ಕರೆದು, ಉಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸದಿದ್ದರೆ ಹಾಜರಿ ಸರಿಹೋಗುತ್ತದೆ ಅಂತ ಹಾಳೆಯ ಮೇಲೆ ಬರೆದು ತೋರಿಸಿದರು. ಅವಳು ತಪ್ಪಿಸಲಿಲ್ಲ. ಜ್ವರ ಬಂದ ದಿನವೂ ಸ್ವೆಟರ್ ಹಾಕಿಕೊಂಡು ಬಂದಳು. ಅವರೂ ತಪ್ಪಿಸಲಿಲ್ಲ. ಡ್ರೈವರು ಈ ಕೊಡೆಯನ್ನು ದಿನಾ ನೋಡಿ ನೋಡಿ ನಾಚಿಕೆಯಾಗಿಯೋ ಏನೋ, ಬಸ್ಸನ್ನು ನಾಲ್ಕೈದು ನಿಮಿಷ ಬೇಗ ತರತೊಡಗಿದ.

ಹಾಲ್ ಟಿಕೆಟ್ ಬಂದ ದಿನ ಪವಿತ್ರ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಫೋಟೋದಲ್ಲಿ ಅವಳ ಮುಖ ಮಸಿಯಾಗಿತ್ತು, ಅದಕ್ಕೇ ನಗುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಅಷ್ಟು ದಿನದಿಂದ ಒಂದು ಪ್ರಶ್ನೆ ಕೂತಿತ್ತು. ಆ ಹಳೆಯ ಸಂಗತಿ ನಮ್ಮ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಟೆಂಡರ್ ಹೇಳಿರಬೇಕು, ಇಲ್ಲವೇ ಆ ಕಡೆಯ ನೆಂಟರು ಯಾರೋ ಹೇಳಿರಬೇಕು ಅಂತ ನನ್ನ ಊಹೆ.

“ಸರ್ ಯಾಕೆ ಬೀಗ ಹಾಕ್ತಾರೆ ಅಂತ ನಿಂಗೆ ಯಾರೇ ಹೇಳಿದ್ದು?”

“ಅವ್ರೇ ಮಿಸ್.”

“ಅವರೇ ಅಂದ್ರೆ?”

“ಆವತ್ತು ಶನಿವಾರ ನಂಗೊತ್ತಿಲ್ಲ ಅಂದ್ನಲ್ಲ. ಸೋಮವಾರ ಗೇಟ್ ಆಚೆ ನಿಂತಿದ್ದೆ. ಸಾ ಒಳ್ಗಡೆ ಇದ್ರು. ಯಾಕ್ ಸಾ ಬೀಗ ಆಕ್ತೀರಿ ಅಂತ ಕೇಳ್ದೆ. ಯೋಳಿದ್ರು.”

“ಅಷ್ಟೇನಾ?”

“ಅಷ್ಟೇ ಮಿಸ್.”

ಆರು ವರ್ಷ ಅವರ ಪಕ್ಕದ ಕೋಣೆಯಲ್ಲಿ ಕೂತಿದ್ದೆ. ಅವರ ಬೀಗದ ಬಗ್ಗೆ, ಮೇಜಿನ ಬಗ್ಗೆ, ಗಂಟುಮುಖದ ಬಗ್ಗೆ ನಾನು ಆಡಿದ ಮಾತನ್ನು ಬರೆದಿಟ್ಟಿದ್ದರೆ ಒಂದು ಪುಸ್ತಕವಾಗುತ್ತಿತ್ತು. ಒಂದು ದಿನವೂ ಕೇಳಿರಲಿಲ್ಲ. ಅವತ್ತು ಸಂಜೆ ಅವರ ಕೋಣೆಗೆ ಹೋಗಿ, ಸಭೆಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವರು ಫೈಲಿನಿಂದ ತಲೆ ಎತ್ತದೆ “ಹೂಂ ಮೇಡಂ” ಅಂದರು. ನಗು ತಡೆದುಕೊಂಡಿದ್ದರು ಅನ್ನುವುದು ನನಗೆ ಗೊತ್ತು.

ನಾನು ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ವಿದ್ಯಾಳ ಕಾಫಿ ಆರಿ ಕೆನೆ ಕಟ್ಟಿತ್ತು. ಅವಳು ಅದನ್ನು ಒಂದೇ ಗುಟುಕಿಗೆ ಕುಡಿದು, “ಎಲ್ಲಾ ಸರಿ ದೊಡ್ಡಮ್ಮ, ಆದ್ರೆ ನನ್ನ ಕ್ಲಾಸಿನ ಮಕ್ಕಳು ಯಾಕೆ ಬಾಯಿ ಬಿಡಲ್ಲ, ಅದು ಹೇಳಿ” ಅಂದಳು.

“ನನ್ನನ್ನ ಯಾಕೆ ಕೇಳ್ತೀಯೇ?” ಅಂದೆ. “ನಾಳೆ ಸೋಮವಾರ. ಹೋಗಿ ಅವರನ್ನೇ ಕೇಳು.”